ಉತ್ತರ ಮುಗಿಯುವ ತನಕ

ಗುರುಬಸಪ್ಪ ಮೇಷ್ಟ್ರ ಕೈಗೆ ಬೆಳಿಗ್ಗೆ ಸಿಕ್ಕಿಬೀಳಬೇಡಿ, ಹಾಲು ಒಡೆದುಹೋಗುತ್ತದೆ. ಚೆನ್ನೈನ ವಡಪಳನಿ ದೇವಸ್ಥಾನದ ಹಿಂದಿನ ವಠಾರದಲ್ಲಿ, ಒಂದೇ ಗೇಟಿನೊಳಗಿನ ಆರು ಮನೆಯವರೂ ಹೊಸಬರಿಗೆ ಹೇಳುತ್ತಿದ್ದ ಮೊದಲ ಮಾತು ಇದು.

ಹೇಳದೆ ಏನು ಮಾಡುತ್ತಾರೆ? ಒಂದು ದಿನ ಸೈಕಲ್ಲಿನಲ್ಲಿ ಹಾಲು ತರುವ ಬಾಬುವನ್ನು ಮೇಷ್ಟ್ರು ನಿಲ್ಲಿಸಿ, ಹಸು ಸತ್ತರೆ ನಿಮ್ಮ ಮನೆಯಲ್ಲಿ ಎಷ್ಟು ದಿನ ದುಃಖ ಅಂತ ಕೇಳಿದರು. ಬಾಬು ಕ್ಯಾನನ್ನು ಬಿಸಿಲಿನಲ್ಲಿ ಬಿಟ್ಟು ಮುಕ್ಕಾಲು ಗಂಟೆ ಹೇಳಿದ. ಮೇಷ್ಟ್ರು ಮುಕ್ಕಾಲು ಗಂಟೆ ನಿಂತು ಕೇಳಿದರು. ಉಳಿದ ಐದು ಮನೆಗಳಲ್ಲಿ ಅವತ್ತು ಕಾಫಿ ಇಲ್ಲ.

"ಅದೇನ್ ಮೇಷ್ಟ್ರೋ ಕಣವ್ವ!" ಅನ್ನುತ್ತಿದ್ದಳು ಪಕ್ಕದ ಮನೆಯ ಸಾಕಮ್ಮ. ಮಂಡ್ಯದ ಕಡೆಯವಳು, ಗಂಡ ಸ್ಟುಡಿಯೋದಲ್ಲಿ ಸಿನಿಮಾ ಸೆಟ್ ಕಟ್ಟುವ ಬಡಗಿ. "ಪಾಠ ಹೇಳೋರು ಮಾತಾಡ್ಬೇಕು. ಇವ್ರು ನೋಡಿದ್ರೆ ಬರೀ ಕೇಳಿಸ್ಕೋತಾರೆ. ಇದ್ಕೂ ಸಂಬಳ ಕೊಟ್ಬುಡ್ತಾರಾ?"

ಕೊಡುತ್ತಿದ್ದರು. ಗದಗಿನ ಕಡೆಯಿಂದ ಬಂದ ಗುರುಬಸಪ್ಪನವರು ನುಂಗಂಬಾಕ್ಕಂನ ಒಂದು ಖಾಸಗಿ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮದ ಅಧ್ಯಾಪಕರು. ವಿಭಾಗವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಬೀರು, ಮತ್ತು ಅವರು. ಇನ್ನೊಬ್ಬ ಅಧ್ಯಾಪಕರು ನಿವೃತ್ತರಾದ ಮೇಲೆ ಅವರ ಕುರ್ಚಿಯನ್ನು ಕಂಪ್ಯೂಟರ್ ಲ್ಯಾಬಿನವರು ಹೊತ್ತುಕೊಂಡು ಹೋಗಿದ್ದರು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೂರು ವರ್ಷದ ತರಗತಿಗಳೂ ಸೇರಿ ವಿದ್ಯಾರ್ಥಿಗಳು ಎಂಟೇ ಮಂದಿ.

ಆ ಎಂಟು ಮಂದಿಗೆ ಗುರುವಾರ ಕಾಲೇಜಿನಲ್ಲಿ ಪಾಠವಿರಲಿಲ್ಲ. ಮೇಷ್ಟ್ರು ಅವರನ್ನು ಊರೊಳಗೆ ಕರೆದುಕೊಂಡು ಹೋಗುತ್ತಿದ್ದರು. ಒಬ್ಬರು ಯಾರಿಗಾದರೂ ಒಂದೇ ಒಂದು ಪ್ರಶ್ನೆ ಕೇಳಬೇಕು. ವಾದ ಮಾಡಬಾರದು. ಮಾರನೆಯ ದಿನ ಆ ಉತ್ತರವನ್ನು ಬರೆದರೆ, ಹೇಳಿದವರು ಓದಿ "ಹೌದು, ನಾನು ಅಂದದ್ದು ಇದೇ" ಅನ್ನಬೇಕು. ಒಮ್ಮೆ ಕೋಯಂಬೇಡು ಮಾರುಕಟ್ಟೆಯಲ್ಲಿ, ಲಾರಿಗಳ ಗದ್ದಲದ ನಡುವೆ, ಹುಬ್ಬಳ್ಳಿಯ ಈರುಳ್ಳಿ ವ್ಯಾಪಾರಿ ಅಂದಾನಿಯವರನ್ನು ಒಬ್ಬ ಹುಡುಗಿ ಕೇಳಿದಳು: ನೀವು ಯಾವುದರಲ್ಲಿ ಸುಳ್ಳು ಹೇಳುವುದೇ ಇಲ್ಲ? ಅಂದಾನಿ ತಲೆ ಕೆರೆದುಕೊಂಡು, "ವಾಸನೀ ವಿಷಯದಾಗ. ಕೊಳ್ಳಾವಗೂ ಮೂಗು ಇರತೈತಿ ನೋಡವಾ," ಅಂದರು. ಸತ್ಯದ ಬಗ್ಗೆ ಒಂದು ವಾರ ಪಾಠ ಆ ಮೂಗಿನ ಮೇಲೆಯೇ ನಡೆಯಿತು.

ಈ ಎಲ್ಲದರ ಮೇಲೆ ಇನ್ನೊಂದು ಕಟ್ಟಳೆಯಿತ್ತು. ಪ್ರಶ್ನೆ ಕೇಳಿದ ಮೇಲೆ ಉತ್ತರ ಮುಗಿಯುವ ತನಕ ಯಾರೂ ಏಳಬಾರದು.

ಅದು ಪುಸ್ತಕದಿಂದ ಬಂದದ್ದಲ್ಲ. ಗುರುಬಸಪ್ಪ ಎಂಟು ವರ್ಷದವನಿದ್ದಾಗ, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತವನು ಬಾಗಿಲಲ್ಲಿ ಗೆಳೆಯರು ಕರೆದರೆಂದು ಲಿಂಗವನ್ನು ಮಣೆಯ ಮೇಲಿಟ್ಟು ಓಡಿದ್ದ. ತಿರುಗಿ ಬಂದಾಗ ಅಜ್ಜಿ ಬೈಯಲಿಲ್ಲ, ಹೊಡೆಯಲಿಲ್ಲ. "ನೀ ಎದ್ದು ಹ್ವಾದಿ. ಅದು ಕುಂತೇ ಇತ್ತು ನೋಡು, ನಿನ್ನ ದಾರಿ ಕಾಯ್ಕೋತ," ಅಂದಳು. ಅವತ್ತಿನಿಂದ ಅವರಿಗೆ ಅರ್ಧಕ್ಕೆ ಏಳುವುದೆಂದರೆ ಆಗದು. ದೇವರೆದುರೂ ಆಗದು, ಹಾಲಿನವನೆದುರೂ ಆಗದು.

ಈಗ ಕಥೆಗೆ ಬರೋಣ. ಎರಡು ಸಾವಿರದನೇ ಇಸವಿ ಫೆಬ್ರುವರಿಯಲ್ಲಿ ಪ್ರಾಂಶುಪಾಲರು ಮೇಷ್ಟ್ರನ್ನು ಕರೆಸಿದರು.

"ಗುರುವಾರ ಹನ್ನೊಂದಕ್ಕೆ ತಪಾಸಣಾ ಸಮಿತಿ ಬರುತ್ತದೆ. ನಿಮ್ಮ ಕೋರ್ಸ್ ಉಳಿಯಬೇಕೋ ಬೇಡವೋ ಅನ್ನುವುದು ಅವರ ವರದಿಯ ಮೇಲೆ. ದಯವಿಟ್ಟು ಅವತ್ತೊಂದು ದಿನ ಎಲ್ಲಿಗೂ ಹೋಗಬೇಡಿ."

"ಹನ್ನೊಂದಕ್ಕ ತಾನೆ? ಹತ್ತಕ್ಕ ಬಂದುಬಿಡ್ತೀವ್ರಿ," ಅಂದರು ಮೇಷ್ಟ್ರು. ಆ ಗುರುವಾರ ರಾಯಪುರಂ ಕಡಲದಂಡೆಗೆ ಬರುತ್ತೇವೆಂದು ಅವರು ಆಗಲೇ ಮಾತು ಕೊಟ್ಟಾಗಿತ್ತು. ವಿದ್ಯಾರ್ಥಿನಿ ಆರೋಗ್ಯಮೇರಿಯ ತಾತ ಸವರಿಮುತ್ತು, ಐವತ್ತು ವರ್ಷ ಕಡಲಿಗೆ ಹೋಗಿ ಈಗ ಬಲೆ ಹೆಣೆಯುವವರು, ಮಾತಾಡಲು ಒಪ್ಪಿದ್ದರು.

ಬೆಳಿಗ್ಗೆ ಏಳಕ್ಕೆಲ್ಲ ಎಂಟು ಮಂದಿ ಮರಳಿನ ಮೇಲೆ ಸುತ್ತ ಕೂತರು. ತಿರುಮಲ ಎಂಬ ಹುಡುಗ ಕೇಳಿದ: "ತಾತಾ, ಕಡಲಿಗೆ ಇಳಿಯುವ ಮುಂಚೆ ಪ್ರಾರ್ಥನೆ ಮಾಡ್ತೀರಲ್ಲ, ಏನು ಬೇಡ್ತೀರಿ?"

ಮುದುಕರು ಗಂಟು ಹಾಕುತ್ತ ಹಾಕುತ್ತ ಗಾಳಿಯ ಬಗ್ಗೆ ಹೇಳಿದರು. ದೋಣಿಗಳ ಹೆಸರು ಹೇಳಿದರು. ಸತ್ತ ಒಂದು ನಾಯಿಯ ಕಥೆ ಹೇಳಿದರು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಮೇಷ್ಟ್ರು ಗಡಿಯಾರ ನೋಡುವುದಕ್ಕೂ ಮುದುಕರ ಕೈ ಬಲೆಯ ಮೇಲೆ ನಿಲ್ಲುವುದಕ್ಕೂ ಸರಿಹೋಯಿತು.

"ನನ್ನ ತಮ್ಮ ಹೋದನಲ್ಲ, ಆ ವರ್ಷದ ತನಕ ಬೇಡಿಕೊಳ್ಳುತ್ತಿದ್ದೆ," ಅಂದರು ಸವರಿಮುತ್ತು. "ಆಮೇಲೆ ಇಲ್ಲ. ಹನ್ನೊಂದು ವರ್ಷವಾಯಿತು. ಬಾಯಿ ಆಡುತ್ತದೆ, ಒಳಗೆ ಏನೂ ಇಲ್ಲ."

ಆರೋಗ್ಯಮೇರಿಯ ಬಾಯಿ ಹಾಗೇ ತೆರೆದಿತ್ತು. ಹುಟ್ಟಿದಾಗಿನಿಂದ ಚರ್ಚಿನ ಮುಂದಿನ ಬೆಂಚಿನಲ್ಲಿ ಅವಳು ಕಂಡ ಬೆನ್ನು ಅದು. ಆದರೂ ಅವಳೇ ಮೊದಲು ಎಚ್ಚೆತ್ತು ಮೆಲ್ಲಗೆ ಅಂದಳು: "ಸಾರ್, ಟೈಮ್ ಆಚ್ಚು. ಈಗ ಹೊರಟರೆ ಮಾತ್ರ..."

ಅದನ್ನು ಕೇಳಿ ಮುದುಕರು ಮಾತು ಬಿಟ್ಟು ಮತ್ತೆ ಬಲೆಗೆ ಕೈ ಹಾಕಿದರು. ಹನ್ನೊಂದು ವರ್ಷ ಹೆಂಡತಿಗೂ ಹೇಳದ ಮಾತು ಅರ್ಧಕ್ಕೇ ನಿಂತಿತು. ಗುರುಬಸಪ್ಪ ಮೇಷ್ಟ್ರು ಬಸ್ಸಿನ ರಸ್ತೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿ ಕಿಸೆಗೆ ಹಾಕಿಕೊಂಡು, ತಮ್ಮ ಒಡಕು ತಮಿಳಿನಲ್ಲಿ, "ಸೊಲ್ಲುಂಗ ಅಯ್ಯಾ, ಹೇಳಿ," ಅಂದರು.

ಮುದುಕರು ಹೇಳಿದರು. ತಮ್ಮನ ದೋಣಿ ಬಾರದ ರಾತ್ರಿಯನ್ನು ಹೇಳಿದರು, ದೇವರನ್ನು ಬೈದ ಬೈಗುಳಗಳನ್ನೂ ಒಂದೊಂದಾಗಿ ಹೇಳಿದರು. ಹಾಗಾದರೆ ಚರ್ಚಿಗೆ ಯಾಕೆ ಹೋಗುತ್ತೀರಿ ಅಂತ ಯಾರೂ ಕೇಳಲಿಲ್ಲ, ಅದು ಎರಡನೇ ಪ್ರಶ್ನೆಯಾಗುತ್ತದೆ. ಅವರೇ ಅಂದರು: "ತಮ್ಮನ ಹೆಂಡತಿ ಫಿಲೋಮಿನಾ ನನ್ನ ಹಿಂದೆ ಕೂತಿರುತ್ತಾಳೆ. ನಾನು ಎದ್ದುಬಿಟ್ಟರೆ ಅವಳೂ ಎದ್ದುಬಿಡುತ್ತಾಳೆ. ಆಮೇಲೆ ಅವಳಿಗೆ ಏನಿದೆ?" ಒಂದು ಗಂಟು ಬಿಗಿದು, "ಅಷ್ಟೇ. ಮುಗಿಯಿತು. ಟೀ ಕುಡಿದು ಹೋಗಿ," ಅಂದರು.

ಕಾಲೇಜು ಮುಟ್ಟುವಾಗ ಒಂದೂಕಾಲು. ಸಮಿತಿ ಬಂದು ಖಾಲಿ ಬೆಂಚು ನೋಡಿ ಹೋಗಿತ್ತು. ವಿದ್ಯಾರ್ಥಿಗಳು ಇಲ್ಲ, ಅಧ್ಯಾಪಕರು ಇಲ್ಲ ಎಂದು ಬರೆದುಕೊಂಡಿತ್ತು. ಪ್ರಾಂಶುಪಾಲರು ಕೆಟ್ಟವರಲ್ಲ. ತಲೆ ಹಿಡಿದುಕೊಂಡು ಒಂದು ದಾರಿ ಹೇಳಿದರು: "ದಂಡೆಯಲ್ಲಿ ಒಬ್ಬ ಹುಡುಗಿಗೆ ತಲೆ ಸುತ್ತು ಬಂತು, ಆಸ್ಪತ್ರೆಗೆ ಹೋದೆವು ಅಂತ ಬರೆದುಕೊಡಿ. ಇನ್ನೊಮ್ಮೆ ಬರಲು ನಾನು ಕೇಳಿಕೊಳ್ಳುತ್ತೇನೆ. ಇಲ್ಲದಿದ್ದರೆ ಜೂನ್‌ನಿಂದ ಸೇರ್ಪಡೆ ಇಲ್ಲ. ವಿಭಾಗಕ್ಕೆ ಬೀಗ."

ಮೇಷ್ಟ್ರು ಮನೆಗೆ ಬಂದು ಒಳಗೆ ಹೋಗದೆ ಮೆಟ್ಟಿಲ ಮೇಲೆ ಕೂತರು. ಸಾಕಮ್ಮ ಅವರ ಮುಖ ನೋಡಿದಳು. ಬಾಯಿಬಡುಕಿ ಅಂತ ಹೆಸರಾದವಳು ಅವತ್ತು ಒಂದು ಮಾತೂ ಆಡದೆ ಒಂದು ಲೋಟ ಚಹಾ ತಂದು ಪಕ್ಕದಲ್ಲಿಟ್ಟು ಹೋದಳು.

ಹೆಂಡತಿ ಸುವರ್ಣಮ್ಮ ಹೊರಗೆ ಬಂದು ಪೂರ್ತಿ ಕೇಳಿದರು.

"ಮತ್ತ, ಹುಡುಗೀಗೆ ತಲಿ ಸುತ್ತಿತ್ತೇನು?"

"ಇಲ್ಲ."

"ಹಂಗಂತ ಬರೀತೀರೇನು?"

"ಬರ್ಯಾಕ ಆಗೂದಿಲ್ಲ."

"ಮತ್ಯಾಕ ಹಿಂಗ ಸಪ್ಪಗ ಕುಂತೀರಿ? ಖರೇನ ಬರೀರಿ. ನೌಕರಿ ಹೋದ್ರ ಅಂದಾನಿಯವರ ಅಂಗಡ್ಯಾಗ ಉಳ್ಳಾಗಡ್ಡಿ ತೂಗೀರಂತ. ಆದ್ರ ಗಿರಾಕಿಗೆ ಪ್ರಶ್ನೆ ಕೇಳಬ್ಯಾಡ್ರಿ ಮತ್ತ, ಮಾಲು ಕೊಳತು ಹೋಗತೈತಿ."

ಖರೇ ಬರೆದರು. ಒಂದೇ ಸಾಲು: ನಾವು ಒಬ್ಬರಿಗೆ ಒಂದು ಪ್ರಶ್ನೆ ಕೇಳಿದ್ದೆವು, ಅವರ ಉತ್ತರ ಮುಗಿದಿರಲಿಲ್ಲ. ಜೊತೆಗೆ ವಿದ್ಯಾರ್ಥಿಗಳು ಆ ಉತ್ತರ ಬರೆದಿದ್ದ ಎಂಟು ನೋಟ್‌ಬುಕ್ ಇಟ್ಟು, ಸವರಿಮುತ್ತು ಅವರ ಒಪ್ಪಿಗೆ ಕೇಳಿ, ಸಮಿತಿಯ ಮುಖ್ಯಸ್ಥ ಸತ್ಯನಾರಾಯಣ ಅವರಿಗೆ ಕಳಿಸಿದರು. ಖಡಕ್ ಮನುಷ್ಯ ಅಂತ ಅವರ ಖ್ಯಾತಿ. ಫೆಬ್ರುವರಿ ಮುಗಿಯಿತು, ಮಾರ್ಚ್ ಮುಗಿಯಿತು, ಉತ್ತರವಿಲ್ಲ. ಎಂಟು ಮಂದಿ ಮಾತ್ರ ಗುರುವಾರ ತಪ್ಪಿಸಲಿಲ್ಲ. ಕೋಣೆಯ ಹಲಗೆಯ ಮೇಲೆ ಹೋಗುವ ಜಾಗ ಬರೆದಿಟ್ಟು ಹೋಗುತ್ತಿದ್ದರು.

ಏಪ್ರಿಲ್‌ನ ಒಂದು ಗುರುವಾರ ಸತ್ಯನಾರಾಯಣರು ಯಾರಿಗೂ ಹೇಳದೆ ಕಾಲೇಜಿಗೆ ಬಂದರು. ಬೆಂಚು ಮತ್ತೆ ಖಾಲಿ. ಹಲಗೆಯ ಮೇಲೆ 'ರಾಯಪುರಂ, ಬಲೆ ಒಣಗಿಸುವ ಜಾಗ' ಎಂದಿತ್ತು. ಆಟೋ ಹತ್ತಿ ಅಲ್ಲಿಗೇ ಬಂದು ಬೂಟಿನೊಳಗೆ ಮರಳು ತುಂಬಿಸಿಕೊಂಡು ನಿಂತರು.

"ಯಾರು ಬೇಕಾದರೂ ಕೇಳಬಹುದೋ?"

"ಒಂದೇ ಪ್ರಶ್ನೆರೀ," ಅಂದರು ಮೇಷ್ಟ್ರು.

ಸವರಿಮುತ್ತು ಅವತ್ತು ದಂಡೆಗೆ ಬಂದಿರಲಿಲ್ಲ; ಅಲ್ಲೇ ಮೀನಿನ ಬುಟ್ಟಿ ಮುಂದಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಸತ್ಯನಾರಾಯಣರು ಅವಳೆದುರು ಮರಳಿನ ಮೇಲೆ ಕೂತು ತಮಿಳಿನಲ್ಲಿ ಕೇಳಿದರು: "ಅಮ್ಮಾ, ನೀವು ಚರ್ಚಿಗೆ ಯಾಕೆ ಹೋಗುತ್ತೀರಿ?" ಅವಳೇ ಫಿಲೋಮಿನಾ ಅಂತ ಅವರಿಗೆ ಗೊತ್ತಿಲ್ಲ. ಎಂಟು ಮಂದಿಗೆ ಗೊತ್ತು.

ಅವಳು ಗಿರಾಕಿಗಳ ಜೊತೆ ಜಗಳವಾಡುತ್ತ, ಮೀನು ಕೊಯ್ಯುತ್ತ, ಒಂದೂವರೆ ಗಂಟೆ ಅದೂ ಇದೂ ಹೇಳಿದಳು. ಸತ್ಯನಾರಾಯಣರು ಎರಡು ಸಲ ಗಡಿಯಾರ ನೋಡಿದರು. ಎರಡನೇ ಸಲ ಎಂಟು ಜೊತೆ ಕಣ್ಣುಗಳು ದುರುಗುಟ್ಟಿದ ಮೇಲೆ ತೋಳು ಕೆಳಗಿಳಿಸಿದರು. ಕೊನೆಗೆ ಫಿಲೋಮಿನಾ ಕೈ ತೊಳೆದುಕೊಂಡು ಅಂದಳು: "ಮುಂದಿನ ಬೆಂಚಿನಲ್ಲಿ ನಮ್ಮ ಭಾವ ಕೂತಿರುತ್ತಾರೆ ಸಾರ್. ತಮ್ಮ ಹೋದಾಗಿನಿಂದ ಅವರ ಮನಸ್ಸು ಸರಿಯಿಲ್ಲ, ಹೇಳುವುದಿಲ್ಲ, ನನಗೆ ಗೊತ್ತು. ನಾನು ಬರದಿದ್ದರೆ ಅವರೂ ನಿಲ್ಲಿಸಿಬಿಡುತ್ತಾರೆ. ಅದಕ್ಕೇ ಹೋಗುತ್ತೇನೆ."

ಆ ಎಂಟು ನೋಟ್‌ಬುಕ್ ಓದಿದ್ದ ಸತ್ಯನಾರಾಯಣರು ಕೂತಲ್ಲೇ ಕೂತರು. ಉತ್ತರ ಮುಗಿದಿತ್ತು, ಏಳಬಹುದಿತ್ತು. ಬಹಳ ಹೊತ್ತು ಏಳಲಿಲ್ಲ.

ಹಿಂತಿರುಗುವಾಗ ಆರೋಗ್ಯಮೇರಿ ಮೇಷ್ಟ್ರನ್ನು ಕೇಳಿದಳು: "ಸಾರ್, ಇದನ್ನ ತಾತನಿಗೆ ಹೇಳಲಾ?"

"ಅದು ಅವರಿಬ್ಬರದು," ಅಂದರು ಅವರು. "ನಮಗ ಕೇಳಿಸಿದ್ದು ನಮ್ಮ ಪುಣ್ಯ."

ಮೇ ತಿಂಗಳಲ್ಲಿ ವರದಿ ಬಂತು. ಕೋರ್ಸ್ ಮುಂದುವರಿಯಲಿ, ಗುರುವಾರದ ತರಗತಿಯನ್ನು ವೇಳಾಪಟ್ಟಿಯಲ್ಲೇ ಸೇರಿಸಿ. ಪ್ರಾಂಶುಪಾಲರು ಅದನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಆ ಜೂನ್‌ನಲ್ಲಿ ಒಂಬತ್ತು ಮಂದಿ ಹೊಸಬರು ಸೇರಿದರು. ಮೂರು ವರ್ಷಕ್ಕೆ ಹೊಸಬರ ಸಂಖ್ಯೆ ಹದಿನಾಲ್ಕಾಯಿತು. ಕಂಪ್ಯೂಟರ್ ಲ್ಯಾಬಿನಿಂದ ಕುರ್ಚಿ ವಾಪಸ್ ಬಂತು, ಒಂದು ಕೈ ಮುರಿದು.

ಎಲ್ಲ ಗುರುವಾರಗಳೂ ಒಂದೇ ಥರ ಇರಲಿಲ್ಲ. ಎರಡು ಸಾವಿರದ ನಾಲ್ಕರ ಡಿಸೆಂಬರ್ ಕೊನೆಯಲ್ಲಿ ಸುನಾಮಿ ಬಂದುಹೋದ ಮೇಲಿನ ಗುರುವಾರ ಮೇಷ್ಟ್ರು ಹುಡುಗರನ್ನು ರಾಯಪುರಂಗೆ ಕರೆದುಕೊಂಡು ಹೋಗಿ, "ಇವತ್ತು ಯಾರೂ ಏನೂ ಕೇಳಬ್ಯಾಡ್ರಿ," ಅಂದರು. ಸಂಜೆಯ ತನಕ ಎಲ್ಲರೂ ಸಿಕ್ಕುಗಟ್ಟಿದ ಬಲೆ ಬಿಡಿಸಿದರು. ಸವರಿಮುತ್ತು ಅಷ್ಟು ಹೊತ್ತಿಗೆ ತೀರಿಕೊಂಡು ಎರಡು ವರ್ಷವಾಗಿತ್ತು. ಚರ್ಚಿನ ಮುಂದಿನ ಬೆಂಚಿಗೆ ಫಿಲೋಮಿನಾ ಬಂದಿದ್ದಳು. ಅವಳ ಹಿಂದೆ, ಅವಳು ಏಳದಂತೆ, ಆರೋಗ್ಯಮೇರಿ ಕೂರುತ್ತಿದ್ದಳು.

ಆ ಹುಡುಗಿ ಎಂ.ಎ. ಮುಗಿಸಿದಳು, ಅರ್ಹತಾ ಪರೀಕ್ಷೆಯನ್ನು ಮೂರನೇ ಸಲಕ್ಕೆ ಪಾಸು ಮಾಡಿದಳು, ಮೆಟ್ಟಿಲ ಕೆಳಗಿನ ಕೋಣೆಗೇ ತಾತ್ಕಾಲಿಕ ಅಧ್ಯಾಪಕಿಯಾಗಿ ಬಂದು ಆ ಮುರುಕು ಕುರ್ಚಿಯಲ್ಲಿ ಕೂತಳು. ಎರಡು ಸಾವಿರದ ಒಂಬತ್ತರಲ್ಲಿ ಮೇಷ್ಟ್ರು ನಿವೃತ್ತರಾದಾಗ ಅವರು ಗ್ರಂಥ ಬರೆದಿರಲಿಲ್ಲ, ದೊಡ್ಡ ಪದವಿಗೂ ಏರಿರಲಿಲ್ಲ. ಅವರ ಜಾಗಕ್ಕೆ ಕಾಯಂ ಆಗಿ ಯಾರು ಎಂಬ ಆದೇಶ ಬಂದಾಗ ಅದರಲ್ಲಿ ಆರೋಗ್ಯಮೇರಿಯ ಹೆಸರಿತ್ತು. ಸುವರ್ಣಮ್ಮ ವಠಾರಕ್ಕೆಲ್ಲ ಶೇಂಗಾ ಹೋಳಿಗೆ ಹಂಚಿದರು.

ಮೆಟ್ರೋ ರೈಲಿಗೆಂದು ರಸ್ತೆ ಅಳೆಯುವವರು ಬರತೊಡಗಿದ ವರ್ಷ ಅದು. ಒಳ್ಳೆಯ ಬೆಲೆ ಬಂತೆಂದು ವಠಾರದ ಒಡೆಯರು ಜಾಗ ಮಾರಿದರು. ಹೊಸ ಮನೆಯನ್ನು ಹುಡುಕಿದವರು ಸುವರ್ಣಮ್ಮ, ರಾಯಪುರಂನಲ್ಲಿ, ಕಡಲಿನ ಗಾಳಿ ಬರುವ ಮಹಡಿಯ ಮೇಲೆ. "ಹೆಂಗೂ ಗುರುವಾರ ನೀವು ಅಲ್ಲಿಗೇ ಹೋಗವರು. ಈ ವಯಸ್ಸಿನ್ಯಾಗ ಎರಡೆರಡು ಬಸ್ ಹತ್ತೂದು ಬ್ಯಾಡ."

ಹೊರಡುವ ದಿನವೂ ಗುರುವಾರವೇ. ಆರೋಗ್ಯಮೇರಿ ಒಬ್ಬಳೇ ನಡೆಸುವ ಮೊದಲ ಗುರುವಾರದ ತರಗತಿ ಹತ್ತಕ್ಕೆ ರಾಯಪುರಂ ದಂಡೆಯ ಮೇಲೆ, ಮೇಷ್ಟ್ರು ಬಂದು ಕೂರಬೇಕೆಂದು ಕರೆದಿದ್ದಳು. ಸಾಮಾನು ಲಾರಿಗೆ ಏರಿತ್ತು. ಬೀಗ ಹಾಕಿ ತಿರುಗಿದರೆ ಮೆಟ್ಟಿಲ ಮೇಲೆ ಸಾಕಮ್ಮ.

"ಮೇಷ್ಟ್ರೇ, ಇಷ್ಟ್ ವರ್ಷ ಹಾಲ್ನೋನು, ಪೇಪರ್ನೋನು, ಎಲ್ಲಾರ್ನೂ ಕೇಳುದ್ರಿ. ನಿಮ್ಮುನ್ನ ಯಾರೂ ಕೇಳ್ಳೇ ಇಲ್ವಲ್ಲ. ನಾನೊಂದ್ ಕೇಳ್ಲಾ?"

"ಕೇಳವಾ."

"ಈ ಮನೇಲಿ ನಿಮ್ಗೆ ಮರೀದೇ ಇರೋವಂಥದ್ದು ಏನು? ನೀವ್ ಹೇಳೋಗಂಟ ನಾನ್ ಏಳಾಕಿಲ್ಲ."

ಲಾರಿಯವನು ಹಾರ್ನ್ ಹೊಡೆದ. "ಸೀಕ್ರಂ ಸಾರ್!" ಅಂತ ಅವಸರಪಡಿಸಿದ. ಮೇಷ್ಟ್ರು ಬಂದು ಅವಳ ಪಕ್ಕ ಕೂತರು. ಉತ್ತರ ಹೇಳುವುದು ಇಷ್ಟು ಕಷ್ಟವೆಂದು ಅವರಿಗೆ ಅಂದೇ ತಿಳಿದದ್ದು.

"ಒಂದಿನ ಇಲ್ಲೇ ಕುಂತಿದ್ದೆ," ಅಂದರು ಕೊನೆಗೆ. "ವಿಭಾಗ ಮುಚ್ಚಿ ಹೋತು, ನಾನಽ ಮುಚ್ಚಿದೆ, ಅಂತ ಗೊತ್ತಾಗಿತ್ತು. ನೀ ಬಂದು ಚಹಾ ಇಟ್ಟಿ. ಏನೂ ಕೇಳಲಿಲ್ಲ. ಕೇಳಿದ್ದರ ಅತ್ತುಬಿಡ್ತಿದ್ದೆ."

ಸಾಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಚಾಗೆ ಸಕ್ರೇನೇ ಹಾಕಿರ್ನಿಲ್ಲ ಕಣ್ ಮೇಷ್ಟ್ರೇ, ಗಾಬ್ರಿಲಿ."

"ಗೊತ್ತೈತಿ. ಕುಡಿದವ ನಾನಲ್ಲೇನು?"

ಇಬ್ಬರೂ ನಕ್ಕರು. ಲಾರಿಯ ಮುಂದಿನ ಸೀಟಿನಿಂದ ಸುವರ್ಣಮ್ಮ ಕೂಗಿದರು: "ಮುಗೀತೇನ್ರಿ?"

"ಮುಗೀತು," ಅಂದರು ಮೇಷ್ಟ್ರು. ಬೀಗದ ಕೈಯನ್ನು ಸಾಕಮ್ಮನ ಕೈಯಲ್ಲಿಟ್ಟು ಎದ್ದರು. ಹತ್ತಕ್ಕೆ ಇನ್ನು ಇಪ್ಪತ್ತೇ ನಿಮಿಷ, ರಾಯಪುರಂ ಬಲು ದೂರ. ಗಡಿಯಾರ ನೋಡಿಕೊಳ್ಳದೆ ಅವರು ಗೇಟು ದಾಟಿದರು.