ಏನೂ ಒತ್ತದಿದ್ದರೆ ಯಾವುದು ಬರಬೇಕು

ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ನಿಂತೇ ಬರುವ ದ್ರಾಕ್ಷಾಯಣಮ್ಮನಿಗೆ ತಾನು ಕೆಲಸ ಮಾಡುವ ಪ್ರೆಸ್ಸಿನ ಕುರ್ಚಿ ಸಿಕ್ಕಿದರೆ ಅರ್ಧ ದಣಿವು ಇಳಿಯುತ್ತಿತ್ತು. ಆ ದಿನ ಅಲ್ಲಿ ಕಂಪ್ಯೂಟರ್ ರಿಪೇರಿಯ ಅಂಜನ್ ಕುಮಾರ್ ಕೂತುಬಿಟ್ಟಿದ್ದ.

ಲಗ್ನಪತ್ರಿಕೆ ಅಚ್ಚು ಹಾಕುವ ಆ ಪ್ರೆಸ್ಸಿಗೆ ಸೇರಿದಾಗ ಅವಳು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದಳು. ಅದು ಕೈಗೆ ಹತ್ತಿತು ಅನ್ನುವಷ್ಟರಲ್ಲಿ ಕಂಪ್ಯೂಟರ್ ಬಂತು, ಅದರಲ್ಲಿ ಡಾಸ್ ಎಂಬ ವ್ಯವಸ್ಥೆ. ಕಪ್ಪು ಪರದೆ ನೋಡಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡು ಅದನ್ನೂ ಕಲಿತಳು. ಈಗ ಊರೆಲ್ಲ ವಿಂಡೋಸ್ ತೊಂಬತ್ತೆಂಟು ಎಂಬ ಹೊಸದು. ಕಲಿತದ್ದನ್ನು ನೆಮ್ಮದಿಯಾಗಿ ಉಣ್ಣಲೂ ಬಿಡದ ಕಾಲವಿದು ಎಂದು ಅವಳಿಗೆ ರೋಸಿಹೋಗಿತ್ತು. ಗಿರಣಿ ಮುಚ್ಚಿದ ಮೇಲೆ ಗಂಡ ಹಾಲೇಶಪ್ಪ ಮನೆಯಲ್ಲೇ ಇದ್ದ. ಅವಳ ಸಂಬಳದಿಂದಲೇ ಒಲೆ ಉರಿಯಬೇಕು. ಮಾಲೀಕ ಶಿವಯೋಗಪ್ಪ ಒಳ್ಳೆಯವರೇ. ಆದರೆ ಬರುವ ಲಗ್ನದ ದಿನಗಳೊಳಗೆ ಹೊಸದರಲ್ಲಿ ಪತ್ರಿಕೆ ಮಾಡಲು ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿಬಿಟ್ಟಿದ್ದರು.

"ಹೆದರಬ್ಯಾಡ್ರಿ ಅಮ್ಮಾರೆ," ಎಂದ ಅಂಜನ್. "ಹಳೇದೂ ಇರ್ತೈತೆ, ಹೊಸದೂ ಇರ್ತೈತೆ. ಡಿಸ್ಕಿನಾಗೆ ನಡುವೆ ಗೋಡೆ ಎಬ್ಬಿಸಿದಂಗೆ ಎರಡು ಭಾಗ ಮಾಡ್ತೀನಿ. ಮೊದ್ಲು ಜಾಗ ಬೇಕು. ಹಳೇ ಪತ್ರಿಕೆ ಅಳಿಸ್ರಿ."

ಮಧ್ಯಾಹ್ನದವರೆಗೂ ಅವಳು ತಾನೇ ಜೋಡಿಸಿದ್ದ ವಧೂವರರನ್ನು ಅಳಿಸಿದಳು. ಇವರಿಗೆಲ್ಲ ಈಗ ಮಕ್ಕಳಾಗಿ ಜವಳವೂ ಮುಗಿದಿರುತ್ತದೆ, ಇನ್ನು ಪತ್ರಿಕೆ ಯಾರಿಗೆ ಬೇಕು ಎಂದು ಸಮಾಧಾನ ಹೇಳಿಕೊಂಡಳು.

ಎರಡನ್ನೂ ಕೂರಿಸಿದ ಮೇಲೆ ಅಂಜನ್ ಕೇಳಿದ: "ಆನ್ ಮಾಡಿದ ಕೂಡ್ಲೆ ಯಾವುದು ಬೇಕು ಅಂತ ಕೇಳಿ ಸ್ವಲ್ಪ ಹೊತ್ತು ಕಾಯ್ತೈತೆ. ನೀವು ಏನೂ ಒತ್ತಲಿಲ್ಲ ಅಂದ್ರೆ ತಾನೇ ಒಂದನ್ನ ಶುರು ಮಾಡ್ತೈತೆ. ಯಾವುದು ಇಡಬೇಕು?"

"ಹಳೇದೇ ಇಡಪ್ಪ," ಎಂದರು ಶಿವಯೋಗಪ್ಪ. "ಅಮ್ಮಾರಿಗೆ ಯಾಕ ತ್ರಾಸು."

ಆ ಕನಿಕರ ಅವಳಿಗೆ ಚುಚ್ಚಿತು. ಇವಳಿಂದ ಆಗದು ಎಂದು ಅವರು ಆಗಲೇ ತೀರ್ಮಾನಿಸಿದಂತಿತ್ತು. ಹೂಂ ಅಂದುಬಿಡುವಷ್ಟು ಸುಸ್ತೂ ಆಗಿತ್ತು.

"ಬ್ಯಾಡ್ರಿ. ಹೊಸದೇ ಬರ್ಲಿ," ಎಂದಳು. "ಹಳೇದು ಬಂದ್ರೆ ನಾನು ಅದರಾಗೇ ಕುಂತುಬಿಡ್ತೀನಿ."

ಅಷ್ಟರಲ್ಲಿ ಮಲೆಬೆನ್ನೂರಿನಿಂದ ಒಬ್ಬರು ತೀರಿಕೊಂಡ ತಂದೆಯ ಶಿವಗಣಾರಾಧನೆಯ ಪತ್ರಿಕೆಗೆಂದು ಬಂದರು. ಸಂಜೆಯ ಬಸ್ಸಿಗೆ ಒಯ್ಯಲೇಬೇಕು. ದ್ರಾಕ್ಷಾಯಣಮ್ಮ ಕಂಪ್ಯೂಟರ್ ಆನ್ ಮಾಡಿ ಹಳೆಯದನ್ನು ಒತ್ತಿದಳು. ಬೆರಳುಗಳು ತಾವಾಗಿಯೇ ಓಡಿದವು; ಪತ್ರಿಕೆ ಅಚ್ಚಿಗೆ ಹೋಯಿತು. ಶಿವಯೋಗಪ್ಪ, ನಾ ಹೇಳಲಿಲ್ಲವೇ ಎಂಬಂತೆ ಅಂಜನ್‌ನತ್ತ ನೋಡಿದರು.

ಅವಳು ಕಂಪ್ಯೂಟರ್ ಆರಿಸಿ ಮತ್ತೆ ಶುರು ಮಾಡಿದಳು. ಈ ಸಲ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಹೊಸ ಪರದೆ ಬಂತು. ಎಲ್ಲಿ ಕೈ ಇಡಬೇಕೋ ತಿಳಿಯಲಿಲ್ಲ. ಅಂಜನ್ ಚೀಲ ಹೆಗಲಿಗೇರಿಸಿ ಹೊರಟಿದ್ದ.

"ಸ್ವಲ್ಪ ನಿಲ್ಲಪ್ಪ," ಎಂದಳು. "ಇದರಾಗೆ ಒಂದು ಹೆಸರು ಬರೆಯೋದು ಹೆಂಗೆ, ಅಷ್ಟು ತೋರ್ಸಿ ಹೋಗು."