ಸತ್ತಿಲ್ಲ, ಕುಂತದ

ಹಳೆಯ ಟೆಂಪೊದೊಳಗೆ ಮಂಚ, ಒಲೆ, ಫ್ಯಾನು ಕೂಡಿಸಿ ಅಪ್ಪ ಅದನ್ನೊಂದು ಮನೆ ಮಾಡಿದ್ದ. ಅವನು ತೀರಿಕೊಂಡ ಮೇಲೆ ಮೊದಲ ಸಲ ನಾನೊಬ್ಬಳೇ ಹೊರಗೆ ತಂದಿದ್ದೆ. ಜೇವರ್ಗಿ ಹತ್ತಿರ ಗಾಡಿ ನಿಲ್ಲಿಸಿ, ಫ್ಯಾನ್ ಹಾಕಿಕೊಂಡು ಮಧ್ಯಾಹ್ನವೆಲ್ಲ ಮಲಗಿದೆ. ಎದ್ದು ನೋಡಿದರೆ ಗಾಡಿ ಚಾಲೂ ಆಗಲಿಲ್ಲ.

ಫೋನ್ ಮಾಡಿದ್ದಕ್ಕೆ ಊರಿನ ಮೆಕ್ಯಾನಿಕ್ ಕಾಕಾ ಒಬ್ಬರು ಬಂದರು. “ಬ್ಯಾಟರಿ ಸತ್ತದ್ರಿ,” ಅಂದೆ, ನನ್ನ ಇಂಗ್ಲಿಷ್ ಶಾಲೆಯ ಕನ್ನಡದಲ್ಲಿ.

ಕಾಕಾ ನಕ್ಕರು. “ಸತ್ತಿಲ್ಲವ್ವಾ, ಕುಂತದ. ಕುಂತಿದ್ದು ಎಬ್ಬಸಾಕ ಬರ್ತದ.”



ಅವರು ಒಳಗಿನ ವೈರು ಹಿಡಿದೆಳೆದರು. “ಎಂಜಿನ್ ಬ್ಯಾಟರಿಗೇ ಫ್ಯಾನ್ ಜೋಡಿಸ್ಯಾನಲ್ಲ, ಯಾವ ಶಾಣ್ಯಾ ಇಂವ? ಕಿತ್ತಿ ಒಗೀಲೇನು?”

“ನಮ್ಮಪ್ಪ ಜೋಡಿಸಿದ್ದರಿ. ಇರ್ಲಿ ಬಿಡ್ರಿ.”

ಕಾಕಾ ಹಿಡಿದಿದ್ದ ವೈರನ್ನು ಮೊದಲಿದ್ದಂತೆಯೇ ಒಳಗೆ ಸೇರಿಸಿದರು. ತಮ್ಮ ಜೀಪಿನ ಬ್ಯಾಟರಿಯಿಂದ ವೈರು ಕೊಟ್ಟು ಗಾಡಿ ಎಬ್ಬಿಸಿದರು.

ಈಗಲೂ ಫ್ಯಾನ್ ಹಾಕಿದರೆ ಬ್ಯಾಟರಿ ಕೂತುಬಿಡುತ್ತದೆ. ಜೊತೆಗೆ ನಾನೂ ಕೂರುತ್ತೇನೆ. ಎಬ್ಬಿಸುವ ಅವಸರ ನನಗೇನೂ ಇಲ್ಲ.