ಗವಿಯ ಬಾಯಿಗೆ ಬಲೆ ಕಟ್ಟಿದ ಸಂಜೆ

ಕರಿಕೆ ಊರಿನ ನಮ್ಮ ತೋಟದ ಮೇಲಿನ ಬಂಡೆಯಲ್ಲೊಂದು ಗವಿ ಇದೆ. ತೂತು ಕಂಡಲ್ಲೆಲ್ಲ ಇಣುಕುವ ಕೆಟ್ಟ ಚಾಳಿ ನನ್ನದು. ಮದುವೆಯಾಗಿ ಬಂದ ವಾರದಲ್ಲೇ ಅದರೊಳಗೂ ತಲೆ ಹಾಕಿದ್ದೆ. ಟಾರ್ಚ್ ಬಿಟ್ಟರೆ ಮೇಲೆಲ್ಲ ಬಾವಲಿಗಳು, ಹೆಬ್ಬೆರಳಿನಷ್ಟೇ ಗಾತ್ರ! ತಲೆಕೆಳಗಾಗಿ ಮಲಗಿದರೆ ತಲೆನೋವು ಬರುವುದಿಲ್ಲವೇ? ಉಚ್ಚೆ ಹೊಯ್ಯುವಾಗ ಏನು ಮಾಡುತ್ತವೆ? ಕೇಳಿದ್ದಕ್ಕೆ ಅತ್ತೆ, "ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ?" ಎಂದು ಬೈದಿದ್ದರು.

ಆಮೇಲೊಂದು ಬೇಸಿಗೆ, ಗಡಿಯಾಚೆ ಕೇರಳದಲ್ಲಿ ಬಾವಲಿಯಿಂದ ಜ್ವರವಂತೆ ಎಂದು ಸುದ್ದಿ. ಮೊಬೈಲಿನಲ್ಲಿ ತೋರಿಸಿದ್ದು ಮರಕ್ಕೆ ಜೋತುಬೀಳುವ ದೊಡ್ಡ ಜಾತಿ. ನಮ್ಮವು ಹುಳಹುಪ್ಪಟೆ ತಿನ್ನುವ ಪಾಪದವು. ಆದರೆ ನನ್ನ ಗಂಡನ ಅಣ್ಣನಿಗೆ, ಅಂದರೆ ಭಾವನಿಗೆ, ಜೀವವೇ ಬಾಯಿಗೆ ಬಂದಿತ್ತು. ಅವರ ಮಗಳು ಹಸಿ ಬಾಣಂತಿ, ನಮ್ಮಲ್ಲೇ ಇದ್ದಳು. ಗವಿಗೆ ಹೊಗೆ ಹಾಕಿ ಎಲ್ಲವನ್ನೂ ಕೊಲ್ಲುತ್ತೇನೆಂದು ಹೊರಟರು. ನಾನು ಅಡ್ಡ ನಿಂತೆ.

"ಸಂಜೆ ಹೇಗೂ ಹೊರಗೆ ಹೋಗ್ತಾವಲ್ಲ ಭಾವ. ಹೋದ ಮೇಲೆ ಬಲೆ ಕಟ್ಟಿಬಿಡಿ. ಒಂದೂ ಸಾಯೂದಿಲ್ಲ."

ಅವರು ಒಪ್ಪಿದರು. ನನ್ನ ಬುದ್ಧಿಗೆ ನಾನೇ ಬೀಗಿದೆ.

ಸೂರ್ಯ ಮುಳುಗಿದ್ದೇ ತಡ, ಬಾವಲಿಗಳು ಬುರ್ರೆಂದು ಹೊರಟವು. ಅಬ್ಬಾ, ಒಂದಕ್ಕೊಂದು ಡಿಕ್ಕಿ ಇಲ್ಲ! ಗವಿ ಖಾಲಿಯಾಯಿತೆಂದು ನರ್ಸರಿಯ ಹಸಿರು ಬಲೆಯನ್ನು ಬಾಯಿಗೆ ಹಗ್ಗದಿಂದ ಬಿಗಿದು, ಅಂಚಿಗೆ ಕಲ್ಲು ಹೇರಿದೆವು. ಭಾವ ಬೀಡಿ ಹಚ್ಚಿದರು. ನಾನು ಸುಮ್ಮನಿರಬೇಕಲ್ಲ, ಬಲೆಗೆ ಕಿವಿ ಇಟ್ಟೆ. ಒಳಗೆ ಚಿಕ್ ಚಿಕ್ ಸದ್ದು. ಟಾರ್ಚ್ ಬಿಟ್ಟೆ. ಮೂಲೆಯಲ್ಲಿ ಕೂದಲೇ ಇಲ್ಲದ ಕೆಂಪು ಮರಿಗಳು ಒತ್ತೊತ್ತಾಗಿ ನೇತಾಡುತ್ತಿದ್ದವು. ಮರಿಗಳನ್ನು ಬಿಟ್ಟು ಹೋಗುತ್ತವೆ ಎಂದು ನನಗೆಲ್ಲಿ ಗೊತ್ತಿತ್ತು!

ಅಷ್ಟರಲ್ಲಿ ತಾಯಿಯೊಂದು ವಾಪಸು ಬಂದು ಬಲೆಗೆ ಬಡಿಯಿತು. ಬೀಳಲಿಲ್ಲ, ಉಗುರು ಸಿಕ್ಕಿಸಿಕೊಂಡು ಸಂದಿ ಹುಡುಕುತ್ತ ಮೇಲೆ ಕೆಳಗೆ ತೆವಳಿತು. ಎದೆಯಲ್ಲಿ ಅಕ್ಕಿಕಾಳಿನಷ್ಟು ಮೊಲೆತೊಟ್ಟು. ಹಿಂದೆಯೇ ಇನ್ನೊಂದು, ಮತ್ತೊಂದು. ನನಗೆ ಅಳು ಬಂತು. ಹೊಗೆ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು. ನನ್ನ ಕರುಣೆಯಲ್ಲಿ ಆ ಮರಿಗಳು ಹಸಿದು ಹಸಿದು ಸಾಯಬೇಕಿತ್ತು.

"ಬಿಚ್ಚಿ ಭಾವ."

"ಮನೇಲಿ ಕೂಸು ಉಂಟು. ಮರ್ತುಹೋಯ್ತಾ ನಿಂಗೆ?"

"ಇಲ್ಲೂ ಉಂಟಲ್ಲ, ನೋಡಿ," ಎಂದು ಟಾರ್ಚನ್ನು ಮೂಲೆಗೆ ಹಿಡಿದೆ.

ಭಾವ ಬಗ್ಗಿ ನೋಡಿದರು. ಆಮೇಲೆ ಬೀಡಿ ಹೊಸಕಿ, ಕತ್ತಿಯಿಂದ ಹಗ್ಗ ಕುಯ್ದು, ಕಲ್ಲು ಸರಿಸಿ, ಬಲೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಬಾವಲಿಗಳು ಅವರ ಕಿವಿ ಸವರಿಕೊಂಡೇ ಒಳಗೆ ನುಗ್ಗಿದವು. ಹೆದರಿ ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಕೈ ಇಳಿಸಲಿಲ್ಲ.

ಯಾವ ತಾಯಿ ಯಾವ ಮರಿಯ ಹತ್ತಿರ ಹೋಗುತ್ತದೆಂದು ನೋಡಲು ನಾನು ಕತ್ತು ಚಾಚಿದೆ.

"ಟಾರ್ಚ್ ಆರ್ಸು ಮಾರಾಯ್ತಿ," ಎಂದರು ಭಾವ, "ಹಾಲು ಕುಡೀಲಿ."